ಹಳೇ ಹಾಯಿದೋಣಿಗೆ ‘ಜೀರ್ಣೋದ್ಧಾರ’ ಅನ್ನಬಹುದಾ? ಜೊತೆಗೆ ಇನ್ನೊಂದಷ್ಟು ಪದಗಳು

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದ ಕೇಳೋಣ ಅಂತ ಕೂತೆ, ಬರೀತಾ ಹೋದ ಹಾಗೆ ಪಟ್ಟಿ ಬೆಳೀತು, ಪುರಸೊತ್ತಿದ್ದೋರು ಓದಿ. ಹಳೇ ಹಾಯಿದೋಣಿ ಒಂದನ್ನ ಬಿಚ್ಚಿ ಮತ್ತೆ ಕಟ್ಟೋದು, ಕೆಲಸ ಮುಗಿಯೋವರೆಗೂ ಅದರೊಳಗೇ ಇರೋದು, ಅದೂ ವರ್ಷಪೂರ್ತಿ ಬೆವರಿಳಿಸೋ ಉಷ್ಣವಲಯದ ಸಮುದ್ರದಲ್ಲಿ, ಇದರ ಬಗ್ಗೆ ಕನ್ನಡದಲ್ಲಿ ಬರೀತಾ ಇದ್ದೀನಿ. ನಾನು ಇರೋದೇ ಅಂಥ ದೋಣಿಯಲ್ಲಿ, ಹಾಗಾಗಿ ವಿಷಯಕ್ಕೆ ಬರ ಇಲ್ಲ, ಪರದಾಟ ಎಲ್ಲಾ ಪದಕ್ಕೆ.

ಮೊದಲ್ನೇದು ಈ ಕೆಲಸಕ್ಕೇ ಏನು ಹೆಸರು ಅಂತ. ಇಂಗ್ಲಿಷಿನೋರು ರೀಫಿಟ್ ಅಂತಾರೆ. ನಮ್ಮ ರಿಪೇರಿ ಅಂದ್ರೆ ಕೆಟ್ಟಿದ್ದನ್ನ ಸರಿ ಮಾಡೋದು, ಆದ್ರೆ ಇಲ್ಲಿ ಕೆಡದೇ ಇರೋದನ್ನೂ ಬಿಚ್ಚಬೇಕು, 40 ವರ್ಷ ಹಳೇ ವೈರಲ್ಲಿ ಇವತ್ತಿಗೂ ಕರೆಂಟ್ ಹರೀತಾ ಇದ್ರೂ ಕಿತ್ತು ಹಾಕಬೇಕು, ಹಾಯಿಕಂಬವನ್ನ ಎಳೆದು ನಿಲ್ಲಿಸಿರೋ ಸ್ಟೀಲ್ ತಂತಿ ಕಣ್ಣಿಗೆ ಫಳಫಳ ಅಂದ್ರೂ ಬದಲಾಯಿಸಬೇಕು. ದುರಸ್ತಿಯದ್ದೂ ಅದೇ ಕತೆ, ಮೇಲೆ ಸ್ವಲ್ಪ ಟೆಂಡರ್ ವಾಸನೆ. ನವೀಕರಣ ಅಂದ ಕೂಡ್ಲೇ ಲೈಸೆನ್ಸು, ಸದಸ್ಯತ್ವದ ಕಾರ್ಡು ನೆನಪಾಗತ್ತೆ. ಕಾಯಕಲ್ಪವನ್ನ ಪೇಪರ್‌ನೋರು ಕೆರೆ, ರಸ್ತೆ, ಬಸ್‌ಸ್ಟ್ಯಾಂಡು ಅಂತ ಎಲ್ಲದಕ್ಕೂ ಹಚ್ಚಿ ಸವೆಸಿಬಿಟ್ಟಿದ್ದಾರೆ.

ನನಗೆ ಹಿಡಿಸಿದ್ದು ಜೀರ್ಣೋದ್ಧಾರ. ಜೀರ್ಣ ಆಗಿರೋದನ್ನ ಎತ್ತಿ ನಿಲ್ಲಿಸೋದು, ಅರ್ಥ ಅಳತೆ ತೆಗೆದು ಹೊಲಿಸಿದ ಹಾಗಿದೆ. ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅಂತ ಬರತ್ತಲ್ಲ, ಒಡೆದಿದ್ದು ಬಿರುಕು ಬಿಟ್ಟಿದ್ದನ್ನ ಸರಿ ಮಾಡೋಕೆ ಅಂತ ದೇವಸ್ಥಾನಕ್ಕೋ ಬಸದಿಗೋ ದತ್ತಿ ಬಿಡುವಾಗ, ಡೆಕ್ಕಿನ ಮೇಲೆ ಮಂಡಿಯೂರಿ ಬಿರುಕು ಎಣಿಸೋವಾಗ ನನಗೆ ನೆನಪಾಗೋದು ಅದೇ ಮಾತು. ತೊಂದರೆ ಏನಂದ್ರೆ ಜೀರ್ಣೋದ್ಧಾರ ಅಂತ ಓದಿದೋರು ಮುಂದಿನ ಪ್ಯಾರಾದಲ್ಲಿ ಕುಂಭಾಭಿಷೇಕ ಹುಡುಕ್ತಾರೆ. ಗುಡಿಯ ವಾಸನೆ ಇಲ್ಲದೆ ಈ ಪದ ನಿಮ್ಮ ಕಿವಿಗೆ ಕೂರತ್ತಾ? ಇದು ನನ್ನ ಮುಖ್ಯ ಪ್ರಶ್ನೆ.

ದೋಣಿಯಲ್ಲೇ ವಾಸ ಮಾಡೋದಕ್ಕೆ ದೋಣಿಮನೆ ಅಂದ್ರೆ ಟೂರಿಸ್ಟುಗಳ ಹೌಸ್‌ಬೋಟ್ ಆಗಿಹೋಗತ್ತೆ, ದೋಣಿವಾಸ ಅಂದ್ರೆ ವನವಾಸದ ಪ್ರಾಸ (ಕೆಲವು ದಿನ ಅದೇ ಸರಿ ಅನ್ಸತ್ತೆ ಬಿಡಿ, ಹಾಸಿಗೆ ಕೆಳಗಿನ ಸ್ಪ್ಯಾನರ್ ಬೇಕು ಅಂತ ಹಾಸಿಗೆ ಎತ್ತಿ, ಅದನ್ನ ಇಡೋಕೆ ಜಾಗ ಇಲ್ಲದೆ ಒಲೆ ಮೇಲೆ ಇಟ್ಟು, ಒಲೆ ಮೇಲಿದ್ದ ಪೇಂಟ್ ಡಬ್ಬ ಮಡಿಲಲ್ಲಿ ಇಟ್ಕೊಂಡು ಕೂತಾಗ). ನಾನು ಸದ್ಯಕ್ಕೆ ‘ದೋಣಿ ಬಿಡಾರ’ ಅಂತ ಬರೀತಿದ್ದೀನಿ. ಬಿಡಾರ ಹೂಡಬಹುದು, ಕೀಳಬಹುದು, ಲಂಗರಿನ ಹಾಗೇ. ಆದ್ರೆ ಬಿಡಾರ ಅಂದ್ರೆ ನಾಲ್ಕು ದಿನದ್ದು ಅನ್ನೋ ಅರ್ಥ ಬಲವಾಗಿದೆಯಾ, ವರ್ಷಗಟ್ಟಲೆ ಇರೋರಿಗೆ ಹೇಳಬಹುದಾ?

ಈಗ ನಿಜವಾಗ್ಲೂ ತಲೆ ಕೆಡಿಸಿರೋ ಪದಕ್ಕೆ ಬರ್ತೀನಿ, ಕ್ಯೂರಿಂಗ್. ಎಪಾಕ್ಸಿ ಅಂಟು ಎರಡು ಡಬ್ಬದಲ್ಲಿ ಬರತ್ತೆ, ಒಂದು ರೆಸಿನ್, ಇನ್ನೊಂದು ಹಾರ್ಡನರ್, ಹೇಳಿದ ಅಳತೇಲಿ ಬೆರೆಸಿದ್ರೆ ರಾಸಾಯನಿಕ ಕ್ರಿಯೆ ಆಗಿ ಗಟ್ಟಿಯಾಗತ್ತೆ, ಆ ಗಟ್ಟಿಯಾಗೋದೇ ಕ್ಯೂರಿಂಗ್. ಆದ್ರೆ ಕನ್ನಡದೋರಿಗೆ ಕ್ಯೂರಿಂಗ್ ಗೊತ್ತಿರೋದು ಮನೆ ಕಟ್ಟೋ ಜಾಗದಿಂದ, ಅಲ್ಲಿ ಕ್ಯೂರಿಂಗ್ ಮಾಡು ಅಂದ್ರೆ ಬೆಳಿಗ್ಗೆ ಸಂಜೆ ನೀರು ಹೊಡಿ ಅಂತ ಅರ್ಥ! ಎಪಾಕ್ಸಿಗೆ ನೀರೇ ಶತ್ರು, ಗಾಳಿಯಲ್ಲಿ ತೇವ ಜಾಸ್ತಿ ಇದ್ರೂ ಎಷ್ಟೋ ಹಾರ್ಡನರ್‌ಗಳು ಮೇಲ್ಗಡೆ ಮೇಣದಂಥ ಜಿಡ್ಡು ಬಿಡ್ತವೆ, ಅದನ್ನ ತೊಳೆದು ಉಜ್ಜದೆ ಇನ್ನೊಂದು ಕೋಟ್ ಹೊಡೆದ್ರೆ ಸಿಪ್ಪೆ ಏಳತ್ತೆ. ಹಾಗಾಗಿ ‘ಎಪಾಕ್ಸಿ ಕ್ಯೂರಿಂಗ್‌ಗೆ ಬಿಟ್ಟೆ’ ಅಂತ ನಾನು ಬರೆದ್ರೆ ಮೇಸ್ತ್ರಿ ಕೆಲಸ ಗೊತ್ತಿರೋ ಓದುಗ ಪೈಪ್ ತಗೊಂಡು ಬರ್ತಾನೆ. ಹೆಪ್ಪುಗಟ್ಟು ಅಂದ್ರೆ ತಣ್ಣಗಾದ ಹಾಗೆ ಕೇಳತ್ತೆ, ಇದು ಅದರ ಉಲ್ಟಾ, ಬೆರೆಸಿದ್ದನ್ನ ಪ್ಲಾಸ್ಟಿಕ್ ಲೋಟದಲ್ಲೇ ಬಿಟ್ರೆ ತನ್ನ ಕಾವಿಗೆ ತಾನೇ ಕುದ್ದು ಹೊಗೆ ಬಂದು ಲೋಟ ಸೊಟ್ಟ ಆಗತ್ತೆ, ಅದಕ್ಕೇ ಬೆರೆಸಿದ ಕೂಡ್ಲೇ ಅಗಲದ ತಟ್ಟೆಗೆ ಸುರೀತಾರೆ. ಸೆಟ್ ಆಗೋದು ಅಂತ ಎಲ್ಲರೂ ಹೇಳೋದು, ಅದನ್ನೇ ಇಟ್ಕೊಂಡಿದ್ದೀನಿ.

ಒಳ್ಳೇ ಪದ ಸಿಕ್ಕಿದ್ದು ಮಧ್ಯದ ಸ್ಥಿತಿಗೆ. ಪೂರ್ತಿ ಗಟ್ಟಿ ಆಗಿಲ್ಲ, ಉಗುರು ಒತ್ತಿದ್ರೆ ಗುರುತು ಬೀಳತ್ತೆ, ಬೆರಳಿಗೆ ಮಾತ್ರ ಮೆತ್ತಲ್ಲ, ಆ ಹೊತ್ತಿಗೆ ಮೇಲಿನ ಕೋಟ್ ಕೊಟ್ರೆ ಕೆಳಗಿನದಕ್ಕೆ ಬೆಸೆದುಕೊಂಡು ಒಂದೇ ಆಗತ್ತೆ. ಇದಕ್ಕೆ ಹದ ಅಂತ ಬರೆದೆ, ಬೇರೆ ಏನೂ ಬೇಕಾಗ್ಲಿಲ್ಲ. ಆ ಹದ ಕಾಯೋದೇ ಇಲ್ಲಿ ಕಷ್ಟ, ಯಾಕಂದ್ರೆ ಸುಮಾರಾಗಿ ಹೇಳೋದಾದ್ರೆ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದ್ರೆ ಎಪಾಕ್ಸಿ ಕೈಗೆ ಸಿಗೋ ಹೊತ್ತು ಅರ್ಧ ಆಗತ್ತೆ, 25 ಡಿಗ್ರಿಯಲ್ಲಿ 20 ನಿಮಿಷ ಇದ್ದಿದ್ದು 35ರಲ್ಲಿ ಹತ್ತೇ ನಿಮಿಷ. ನಿಧಾನದ ಹಾರ್ಡನರ್ ಹಾಕಿ ಬೆಳಗಿನ ಜಾವ ಎದ್ದು ಮಾಡಬೇಕು.

ಬಿಸಿ ಅಂದೆನಲ್ಲ, ಇಲ್ಲಿ ಮಾತ್ರ ಇಂಗ್ಲಿಷಿನೋರ ಬಗ್ಗೆ ಪಾಪ ಅನ್ಸತ್ತೆ. ಅವರಿಗೆ ಎಲ್ಲಾ ಹಾಟ್. ಡೆಕ್ಕಿನಿಂದ ಮುಖಕ್ಕೆ ಹೊಡೆಯೋದು ಝಳ, ಗಾಳಿ ಸತ್ತ ಕ್ಯಾಬಿನ್ ಒಳಗೆ ಬೆವರು ಆರದೆ ಇರೋದು ಸೆಕೆ, ರೆಸಿನ್ ಒಳಗಿಂದ ಏಳೋದು ಕಾವು. ಮೂರನ್ನೂ ಒಂದೇ ವಾಕ್ಯದಲ್ಲಿ ಇಟ್ರೂ ಯಾರಿಗೂ ಗೊಂದಲ ಆಗಲ್ಲ. ಸೆಕೆನಾ ಸೆಖೆನಾ ಶೆಕೆನಾ ಅನ್ನೋ ಜಗಳ ದಯವಿಟ್ಟು ಈ ಎಳೇಲಿ ಬೇಡ.

ಇದರಿಂದ ನನಗೆ ಅನಿಸಿದ್ದು ಹೇಳ್ತೀನಿ, ಒಪ್ಪದಿದ್ರೆ ಬೈರಿ. ದೋಣಿಯ ಭಾಗಗಳಿಗೆ ಕನ್ನಡ ಪದ ಹುಡುಕಿ ಒದ್ದಾಡೋದಕ್ಕಿಂತ ಅಲ್ಲಿ ಇಂಗ್ಲಿಷ್ ಇಟ್ಕೊಳ್ಳೋದು ವಾಸಿ, ಆದ್ರೆ ದೋಣಿಗೆ ಬರೋ ಕಾಯಿಲೆಗಳಿಗೆ ನಮ್ಮ ಹತ್ರ ಇರೋಷ್ಟು ಪದ ಅವರ ಹತ್ರ ಇಲ್ಲ, ಹಳೇ ಮನೆ, ಮಳೆ, ಬಾವಿ, ಮರದ ಜೊತೆ ಬದುಕಿದ ಭಾಷೆ ಅಲ್ವಾ ನಮ್ದು. ಲೀಕ್ ತಗೊಳಿ. ಕಿಟಕಿ ಸೋರತ್ತೆ, ಕೊಳಾಯಿ ತೊಟ್ಟಿಕ್ಕತ್ತೆ, ಪ್ರೊಪೆಲ್ಲರ್ ದಂಡ ಹೊರಗೆ ಹೋಗೋ ತೂತಲ್ಲಿ ನೀರು ಜಿನುಗತ್ತೆ, ಡೆಕ್ಕಿನ ಮೊಳೆ ತೂತಿನಿಂದ ಒಳಗಿನ ಮರಕ್ಕೆ ಇಂಗತ್ತೆ. ಯಾವುದಕ್ಕೆ ಗಾಬರಿ ಬೀಳಬೇಕು ಯಾವುದಕ್ಕೆ ಬೇಡ ಅನ್ನೋದು ಕ್ರಿಯಾಪದದಲ್ಲೇ ಗೊತ್ತಾಗತ್ತೆ. ಹೆಚ್ಚು ಹಾಳು ಮಾಡೋದು ಕೊನೇದು, ಯಾಕಂದ್ರೆ ಸದ್ದಿಲ್ಲ.

ಫೈಬರ್‌ಗ್ಲಾಸ್ ದೋಣಿ ಅಂದ್ರೆ ಮರವೇ ಇಲ್ಲ ಅಂತಲ್ಲ, ಎಷ್ಟೋ ದೋಣಿಗಳಲ್ಲಿ ಡೆಕ್ಕಿನ ಮೇಲೊಂದು ಪದರ ಕೆಳಗೊಂದು ಪದರ ಫೈಬರ್, ಮಧ್ಯ ಬಾಲ್ಸಾ ಮರವೋ ಪ್ಲೈವುಡ್ಡೋ ಇರತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ತಾ ಹೋದ್ರೆ ಗಟ್ಟಿ ಇರೋ ಕಡೆ ಟಕ್ ಟಕ್, ಹೋಗಿರೋ ಕಡೆ ದಬ್ ಅಂತ ಮಂಕು ಸದ್ದು, ಅಲ್ಲಿ ತೂತು ಕೊರೆದ್ರೆ ಕಾಫಿ ಚರಟದಂಥ ಕಂದು ಪುಡಿ ಒದ್ದೆಯಾಗಿ ಡ್ರಿಲ್ಲಿಗೆ ಸುತ್ಕೊಂಡು ಬರತ್ತೆ. ಇದನ್ನ ಕೊಳೆತಿದೆ ಅಂತ ಬರೆಯೋಕೆ ಮನಸ್ಸಿಲ್ಲ, ಕೊಳೆಯೋದು ಅಂದ್ರೆ ಹಣ್ಣು, ಎಲೆ, ನಾತ. ಮರಕ್ಕೆ ಕೆಲವರು ಕುಂಬು ಅಂತಾರೆ, ಕೆಲವರು ಲಡ್ಡು ಹಿಡಿದಿದೆ ಅಂತಾರೆ. ನನ್ನ ಅಂದಾಜು: ಲಡ್ಡು ಅಂದ್ರೆ ಹಳತಾಗಿ ಸತ್ವ ಹೋಗಿ ಪುಡಿಪುಡಿ ಆಗೋದು, ಕುಂಬು ಅಂದ್ರೆ ತೇವದಿಂದ ಹೋಗೋದು. ಈ ವ್ಯತ್ಯಾಸ ನಿಮ್ಮ ಕಡೆಯೂ ಇದೆಯಾ? ಇದ್ರೆ ‘ಡ್ರೈ ರಾಟ್’ ಅನ್ನೋ ತಪ್ಪು ಹೆಸರನ್ನ ‘ಒಣ ಕೊಳೆತ’ ಅಂತ ಇನ್ನೂ ತಪ್ಪಾಗಿ ಅನುವಾದ ಮಾಡೋದು ತಪ್ಪತ್ತೆ, ಅದರಲ್ಲಿ ಒಣ ಅನ್ನೋದೇನಿಲ್ಲ, ಮರದಲ್ಲಿ ತೇವ 20 ಪರ್ಸೆಂಟಿಗಿಂತ ಕಮ್ಮಿ ಇದ್ರೆ ಅದನ್ನ ತರೋ ಶಿಲೀಂಧ್ರ ಬೆಳೆಯೋದೇ ಇಲ್ಲ. ಅಂದ ಹಾಗೆ ಕಾಫಿ ಗಿಡದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಅನ್ನೋ ಬ್ರಿಟಿಷ್ ವಿಜ್ಞಾನಿ ಪೆಲ್ಲಿಕ್ಯುಲೇರಿಯ ಕೊಳೆರೋಗ ಅಂತಲೇ ಹೆಸರಿಟ್ಟ, ನಮ್ಮ ಪದ ಲ್ಯಾಟಿನ್ ಪಕ್ಕ ಹೋಗಿ ಕೂತಿದೆ.

ನೀರಿನೊಳಗಿನ ಭಾಗಕ್ಕೆ ಬರೋ ಕಾಯಿಲೆ ಇನ್ನೊಂದು, ಆಸ್ಮಾಸಿಸ್. ಜೆಲ್‌ಕೋಟ್ ಅನ್ನೋ ಹೊರಗಿನ ನುಣುಪು ಪದರ ದಾಟಿ ನೀರು ನಿಧಾನಕ್ಕೆ ಒಳಗೆ ಹೋಗಿ ರೆಸಿನ್‌ನಲ್ಲಿ ಉಳಿದಿರೋ ಕರಗೋ ಪದಾರ್ಥಗಳ ಜೊತೆ ಸೇರಿ ಹುಳಿ ವಾಸನೆ ದ್ರವ ಆಗತ್ತೆ, ಅದು ಇನ್ನಷ್ಟು ನೀರನ್ನ ಎಳೀತಾ ಎಳೀತಾ ಮೇಲ್ಮೈ ಉಬ್ಬಿಸತ್ತೆ, ಬೆಚ್ಚಗಿನ ನೀರಲ್ಲಿ ಇದು ಬೇಗ. ಗುಳ್ಳೆ ಅನ್ನಬಹುದು, ಆದ್ರೆ ಗುಳ್ಳೆಯೊಳಗೆ ಗಾಳಿ ಇದ್ರೂ ಗುಳ್ಳೆನೇ. ಬೊಕ್ಕೆ ಅಂದ್ರೆ ಒಳಗೆ ನೀರಿದೆ, ಒಡೆದ್ರೆ ಸುರಿಯತ್ತೆ ಅಂತ ತಾನಾಗೇ ಬರತ್ತೆ. ಬೊಕ್ಕೆ ಅಂತಲೇ ಬರೆದಿದ್ದೀನಿ, ಇದರಲ್ಲಿ ಚರ್ಚೆಗೆ ಜಾಗ ಇದೆ ಅಂತ ನನಗನಿಸಲ್ಲ.

ಲೋಹಕ್ಕೆ ಕಬ್ಬಿಣ ಆದ್ರೆ ತುಕ್ಕು, ತಾಮ್ರ ಕಂಚು ಆದ್ರೆ ಕಿಲುಬು, ಇಲ್ಲೂ ನಾವು ಗೆದ್ವಿ. ಆದ್ರೆ ಹಿತ್ತಾಳೆ ಸಮುದ್ರದ ನೀರಲ್ಲಿ ಬೇರೆ ಥರ ಸಾಯತ್ತೆ, ಅದರೊಳಗಿನ ಸತು ಕರಗಿ ಹೊರಟುಹೋಗತ್ತೆ, ಉಳಿಯೋ ತಾಮ್ರ ನಸುಗೆಂಪಾಗಿ ಸ್ಪಂಜಿನ ಹಾಗೆ ಆಗತ್ತೆ, ನೋಡೋಕೆ ವಾಲ್ವ್ ಇದೆ, ತಿರುಗಿಸಿದ್ರೆ ಕೈಗೆ ಬರತ್ತೆ. ಇದಕ್ಕೆ ನಮ್ಮಲ್ಲಿ ಪದ ಇದೆಯಾ? ಎರಡು ಲೋಹ ತಾಗಿದ್ರೆ ಒಂದನ್ನ ಇನ್ನೊಂದು ತಿನ್ನೋದಕ್ಕೆ? 1761ರಲ್ಲಿ ಬ್ರಿಟಿಷ್ ನೌಕಾಪಡೆ ಮರ ಕೊರೆಯೋ ಹುಳುವಿನ ಕಾಟಕ್ಕೆ ‘ಅಲಾರ್ಮ್’ ಅನ್ನೋ ಹಡಗಿನ ಅಡಿಗೆ ತಾಮ್ರದ ತಗಡು ಹೊಡೆಸಿತ್ತು, ಬಿಚ್ಚಿ ನೋಡಿದ್ರೆ ಮರ ಚೆನ್ನಾಗಿದೆ, ತಾಮ್ರ ತಗಲಿದ ಕಡೆ ಕಬ್ಬಿಣದ ಮೊಳೆ ತಿಂದುಹೋಗಿವೆ. ಇದಕ್ಕೇ ಈಗ ಪ್ರೊಪೆಲ್ಲರ್ ದಂಡಕ್ಕೆ ಸತುವಿನ ಗಟ್ಟಿ ಕಟ್ತಾರೆ, ಮೊದಲು ಅದು ಸವೆದು ಉಳಿದಿದ್ದನ್ನ ಉಳಿಸತ್ತೆ. ಇಂಗ್ಲಿಷಲ್ಲಿ ಸ್ಯಾಕ್ರಿಫಿಶಿಯಲ್ ಆನೋಡ್, ಪುಸ್ತಕದಲ್ಲಿ ‘ತ್ಯಾಗ ಧನಾಗ್ರ’ ಅಂತ ಬರೀತಾರೇನೋ, ನಾನು ‘ಹರಕೆ ಸತು’ ಅಂದಿದ್ದೀನಿ.

ಇನ್ನು ಭಾಗಗಳು. ಇಂಗ್ಲಿಷ್ ಇಟ್ಕೊಳ್ಳಿ ಅಂದೆ, ಆದ್ರೆ ಕೆಲವು ಕಡೆ ಇಂಗ್ಲಿಷೂ ಕೈಕೊಡತ್ತೆ. ಹಾಯಿ ಎಳೆಯೋ ಹಗ್ಗಕ್ಕೆ ಅವರ ಭಾಷೇಲಿ ಶೀಟ್, ನಮಗೆ ಶೀಟ್ ಅಂದ್ರೆ ಚಾವಣಿ. ದೋಣಿಯ ಅಡಿಯಲ್ಲಿರೋ ಭಾರದ ಬೆನ್ನಿಗೆ ಕೀಲ್, ‘ಕೀಲಿನ ಬೋಲ್ಟ್ ಸಡಿಲ’ ಅಂತ ಬರೆದ್ರೆ ಮೊಣಕಾಲು ನೋವು ಅಂದ್ಕೊಳ್ತಾರೆ. ಮಾಸ್ಟ್‌ಗೆ ನಿಘಂಟಲ್ಲಿ ಕೂವೆ ಇದೆ, ಆದ್ರೆ ಹೆಚ್ಚಿನೋರಿಗೆ ಕೂವೆ ಅಂದ್ರೆ ಗಡ್ಡೆ, ಅದರ ಹಿಟ್ಟು. ಅದಕ್ಕೇ ಹಾಯಿಕಂಬ.

ಚುಕ್ಕಾಣಿ ಒಂದು ಉಳೀತು. ಅರಬ್ಬೀ ಸುಕ್ಕಾನ್‌ನಿಂದ ಬಂದಿದ್ದು, ಈಗ ಪಕ್ಷ, ಸಂಘ, ಬ್ಯಾಂಕು ಎಲ್ಲದರ ಚುಕ್ಕಾಣಿ ಯಾರೋ ಹಿಡೀತಾರೆ, ದೋಣಿಯದ್ದು ಬಿಟ್ಟು. ನೀರೊಳಗಿನ ಹಲಗೆ ಚುಕ್ಕಾಣಿ ಆದ್ರೆ ಅದನ್ನ ತಿರುಗಿಸೋ ಉದ್ದನೆ ಮರದ ದಂಡಕ್ಕೆ ಏನನ್ನೋಣ? ಟಿಲ್ಲರ್ ಅಂತ ಬರೆದೆ, ಓದಿದ ಪರಿಚಯದೋರು ಒಬ್ಬರು ದೋಣಿಯಲ್ಲಿ ಪವರ್ ಟಿಲ್ಲರ್ ಯಾಕೆ ಅಂತ ಕೇಳಿದ್ರು. ‘ಚುಕ್ಕಾಣಿ ಹಿಡಿ’ ಅಂದ್ರೆ ಹಿಡಿಕೆ ಅಂತಲೂ ಆಯ್ತು, ಹಿಡ್ಕೋ ಅಂತ ಹೇಳಿದ ಹಾಗೂ ಆಯ್ತು. ‘ಚುಕ್ಕಾಣಿ ದಂಡ’ ಹೇಗೆ? ಕಡಲ ಕೆಲಸ ಮಾಡಿದ ಮನೆಯೋರು ಯಾರಾದ್ರೂ ಇದ್ರೆ, ಅಜ್ಜ ಏನಂತ ಕರೀತಿದ್ರು ಅಂತ ಕೇಳಿ ಹೇಳಿ, ನಿಘಂಟಲ್ಲಿ ಇರಬೇಕು ಅಂತೇನಿಲ್ಲ.