ಹೋಂಸ್ಟೇ ಪುಟದ ಮೂರು ಕಾಲಂ ಫೋನಿನಲ್ಲಿ ಕೂರುತ್ತಿಲ್ಲ, ಮಾಡಿದವರು ಅನುಭವ ಹೇಳಿ

ನಾಪೋಕ್ಲು ಕಡೆಯಿಂದ ಪ್ರಶ್ನೆ:

ನಮಸ್ಕಾರ. ನಮ್ಮ ಹೋಂಸ್ಟೇಗೆ ವೆಬ್ ಪುಟ ನಾನೇ ಮಾಡುತ್ತಿದ್ದೇನೆ. ಆರು ರೂಮು, ಪ್ರತಿಯೊಂದಕ್ಕೂ ಒಂದು ಕಾರ್ಡ್. ಫೋಟೊ, ಹೆಸರು, ಬಾಡಿಗೆ, ಕೆಳಗೊಂದು ಬಟನ್. ಲ್ಯಾಪ್‌ಟಾಪ್‌ನಲ್ಲಿ ಸಾಲಿಗೆ ಮೂರರಂತೆ ಚೆನ್ನಾಗಿದೆ. ಫೋನಿನಲ್ಲಿ ತೆರೆದರೆ ಮೂರೂ ಹಾಗೇ ಒತ್ತೊತ್ತಾಗಿ ಕೂತು ಅಕ್ಷರ ಸಾಸಿವೆಯಷ್ಟಾಗುತ್ತದೆ. ಬರುವ ಅತಿಥಿಗಳು ನೋಡುವುದೇ ಫೋನಿನಲ್ಲಿ. ಒಂದೊಂದು ಕಾಲಂಗೂ ಶೇ. 33.33 ಅಗಲ ಕೊಟ್ಟು ಫ್ಲೋಟ್ ಮಾಡಿದ್ದೇನೆ (ಒಂದರ ಪಕ್ಕ ಒಂದು ಸರಿದು ನಿಲ್ಲುವಂತೆ), ಹಳೇ ಪಾಠ ನೋಡಿ ಕಲಿತದ್ದು. ಎಲ್ಲಿಂದ ಸರಿ ಮಾಡಲಿ?

ಗೋಣಿಕೊಪ್ಪಲಿನಿಂದ:

ಅಕ್ಕ, ಸಾಸಿವೆಯಷ್ಟು ಅಂದಿರಲ್ಲ, ಮೊದಲು ಅದನ್ನೇ ಹಿಡಿಯಿರಿ. ಪುಟವನ್ನು ಯಾವ ಅಗಲಕ್ಕೆ ಜೋಡಿಸಬೇಕು ಅಂತ ಬ್ರೌಸರ್‌ಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಪುಟದ ಹೆಡ್‌ನಲ್ಲಿ ಬಿಟ್ಟುಹೋಗಿರಬೇಕು. ಅದಿಲ್ಲದಿದ್ದರೆ ಫೋನಿನ ಬ್ರೌಸರ್ ಪುಟದ ಅಗಲವನ್ನು ಸಾಮಾನ್ಯವಾಗಿ 980 ಪಿಕ್ಸೆಲ್ ಅಂತ ಇಟ್ಟುಕೊಂಡು ಎಲ್ಲ ಜೋಡಿಸಿ, ಆಮೇಲೆ ಪರದೆಯಲ್ಲಿ ಹಿಡಿಸುವಷ್ಟು ಕುಗ್ಗಿಸಿಬಿಡುತ್ತದೆ. ವಿಡ್ತ್‌ಗೆ ಡಿವೈಸ್-ವಿಡ್ತ್, ಇನಿಷಿಯಲ್-ಸ್ಕೇಲ್‌ಗೆ 1 ಅಂತ ಆ ಒಂದು ಸಾಲು ಹಾಕಿ.

ಇನ್ನು ಫ್ಲೋಟ್ ತೆಗೆದುಬಿಡಿ. ಸಿಎಸ್‌ಎಸ್ (ಪುಟದ ರೂಪ ಹೇಳುವ ಭಾಷೆ) ಒಳಗೆ ಸಾಲು, ಕಾಲಂ ಜೋಡಿಸಲೆಂದೇ ಇರುವ ಗ್ರಿಡ್ 2017ರ ಮಾರ್ಚ್‌ನಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂತು. ನಾನು ಶುರುವಿನಲ್ಲಿ ಮಾಡಿದ ತಪ್ಪು ಏನೆಂದರೆ, ಇಂಥ ಫೋನಿಗೆ ಒಂದು ಕಾಲಂ, ಇಂಥ ಟ್ಯಾಬ್ಲೆಟ್‌ಗೆ ಎರಡು ಅಂತ ಒಂದೊಂದು ಮಾಡೆಲ್ ನೋಡಿ ಮೀಡಿಯಾ ಕ್ವೆರಿ (ಪರದೆ ಇಷ್ಟು ಅಗಲವಿದ್ದರೆ ಹೀಗೆ ಅನ್ನುವ ನಿಯಮ) ಬರೆಯುತ್ತಾ ಹೋದೆ, ಹೊಸ ಫೋನ್ ಬಂದಾಗಲೆಲ್ಲ ಮತ್ತೆ ಕೂರಬೇಕಾಯಿತು. ಎಷ್ಟು ಕಾಲಂ ಅಂತ ನೀವು ಎಣಿಸಬೇಡಿ. ಒಂದು ಕಾರ್ಡ್ ಎಷ್ಟು ಸಣ್ಣದಾದರೂ ಓದಲು ಆಗುತ್ತದೆ ಅಂತ ಮಾತ್ರ ಹೇಳಿ, ಎಣಿಕೆ ಬ್ರೌಸರ್‌ಗೆ ಬಿಡಿ. ಗ್ರಿಡ್‌ಗೆ ಕಾಲಂ ಬರೆಯುವ ಕಡೆ ರಿಪೀಟ್ ಒಳಗೆ ಆಟೋ-ಫಿಲ್ (ಹಿಡಿಸುವಷ್ಟು ಕಾಲಂ ಅಂತ), ಅದರ ಜೊತೆ ಮಿನ್‌ಮ್ಯಾಕ್ಸ್, ಕನಿಷ್ಠ 18 ರೆಮ್, ಗರಿಷ್ಠ 1 ಎಫ್‌ಆರ್ (ಉಳಿದ ಜಾಗದಲ್ಲಿ ಒಂದು ಪಾಲು). ಒಂದು ರೆಮ್ ಅಂದರೆ ಪುಟದ ಮೂಲ ಅಕ್ಷರದ ಅಳತೆ, ಸಾಮಾನ್ಯವಾಗಿ 16 ಪಿಕ್ಸೆಲ್, ಹಾಗಾಗಿ ಕಾರ್ಡ್ 288 ಪಿಕ್ಸೆಲ್‌ಗಿಂತ ಕಿರಿದಾಗುವುದಿಲ್ಲ. ಪುಟದ ಗರಿಷ್ಠ ಅಗಲ 1100 ಇಟ್ಟರೆ ಲ್ಯಾಪ್‌ಟಾಪ್‌ನಲ್ಲಿ ಮೂರು, 768ರ ಟ್ಯಾಬ್ಲೆಟ್‌ನಲ್ಲಿ ಎರಡು, 360ರ ಫೋನಿನಲ್ಲಿ ಒಂದು. ಒಂದೂ ಮೀಡಿಯಾ ಕ್ವೆರಿ ಬೇಡ. ತೀರಾ ಸಣ್ಣ ಪರದೆಯಲ್ಲಿ ಆ 18 ರೆಮ್ ಕೂಡ ಹೊರಗೆ ಚಾಚಬಹುದು, ಅದಕ್ಕೆ ಕನಿಷ್ಠದ ಜಾಗದಲ್ಲಿ ಮಿನ್ ಬಳಸಿ 18 ರೆಮ್ ಮತ್ತು ಶೇ. 100 ಎರಡನ್ನೂ ಕೊಡಿ, ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳುತ್ತದೆ.

ಆಟೋ-ಫಿಟ್ ಅಂತಲೂ ಒಂದಿದೆ, ಎಲ್ಲ ಕಡೆ ಅದನ್ನೇ ಬರೆದಿರುತ್ತಾರೆ. ಮಳೆಗಾಲದಲ್ಲಿ ನಾಲ್ಕು ರೂಮು ಮುಚ್ಚಿ ಎರಡೇ ಕಾರ್ಡ್ ಉಳಿದರೆ ಆಟೋ-ಫಿಟ್ ಆ ಎರಡನ್ನೇ ಇಡೀ ಸಾಲಿಗೆ ಎಳೆದು ಹಾಕುತ್ತದೆ. ಆಟೋ-ಫಿಲ್ ಮೂರನೆಯ ಜಾಗ ಖಾಲಿ ಬಿಡುತ್ತದೆ, ಕಾರ್ಡ್ ಅಳತೆ ಕೆಡುವುದಿಲ್ಲ. ನನಗೆ ಇದೇ ಇಷ್ಟ.

ಫೋಟೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜುಲೈನಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಅಕ್ಷರ ಮೊದಲು ಬರುತ್ತದೆ, ಫೋಟೊ ಒಂದೊಂದಾಗಿ ಆಮೇಲೆ ಬರುತ್ತದೆ. ಪ್ರತಿ ಫೋಟೊ ಬಂದಾಗಲೂ ಕೆಳಗಿನದ್ದೆಲ್ಲ ಜಾರುತ್ತದೆ. ನಾನು ಮಾಡಿದ ಒಂದು ಪುಟವನ್ನು ಕರೆಂಟ್ ಇಲ್ಲದ ದಿನ ತೋಟದಲ್ಲಿ ನಿಂತು ತೆರೆದೆ. ಕರೆ ಮಾಡುವ ಬಟನ್ ಒತ್ತಲು ಹೋದರೆ ಅಷ್ಟರಲ್ಲಿ ಅದು ಕೆಳಗೆ ಹೋಗಿ ಬೆರಳಿನ ಕೆಳಗೆ ಬೇರೆ ರೂಮಿನ ಕೊಂಡಿ ಬಂದಿತ್ತು. ಇಮೇಜ್ ಟ್ಯಾಗ್‌ನಲ್ಲೇ ವಿಡ್ತ್, ಹೈಟ್ ಎರಡೂ ಬರೆಯಿರಿ, ಸಿಎಸ್‌ಎಸ್‌ನಲ್ಲಿ ಮ್ಯಾಕ್ಸ್-ವಿಡ್ತ್ ಶೇ. 100, ಹೈಟ್ ಆಟೋ. ಆಗ ಫೋಟೊ ಬರುವ ಮೊದಲೇ ಬ್ರೌಸರ್ ಅದಕ್ಕೆ ಜಾಗ ಕಾಯ್ದಿಡುತ್ತದೆ.

ಮಡಿಕೇರಿಯಿಂದ:

ಕನ್ನಡ ಪುಟ ಅಲ್ವಾ? ಹಾಗಾದರೆ ಕಾರ್ಡ್‌ಗೆ ಫಿಕ್ಸ್ ಎತ್ತರ ಕೊಡಲೇಬೇಡಿ. ನಾನು ನೋಡುವ ಸ್ಥಳಗಳ ಕಾರ್ಡ್ ಮಾಡಿದ್ದೆ. ತಲೆಬರಹಕ್ಕೆ ಎತ್ತರ ಕಟ್ಟಿ, ಹೊರಗೆ ಚಾಚಿದ್ದು ಕಾಣದಂತೆ ಓವರ್‌ಫ್ಲೋ ಹಿಡನ್ ಹಾಕಿದ್ದೆ. ಇಂಗ್ಲಿಷ್ ಹೆಸರಿಗೆ ಸರಿಯಾಗಿತ್ತು. ಕನ್ನಡದಲ್ಲಿ ಅಬ್ಬಿ ಜಲಪಾತದ ಬ ಒತ್ತು ಕತ್ತರಿಸಿ ಹೋಗಿ ಸುಮ್ನೆ "ಅಬಿ" ಅಂತ ಕಾಣುತ್ತಿತ್ತು. ನೋಡಿ ಬೇಜಾರಾಯಿತು. ಲೈನ್-ಹೈಟ್ (ಸಾಲಿನ ಎತ್ತರ) 1.6ಕ್ಕಿಂತ ಕಡಿಮೆ ಮಾಡಬೇಡಿ.

ಇನ್ನೊಂದು, ನಮ್ಮ ಪದಗಳು ಉದ್ದ. "ಕಾಯ್ದಿರಿಸಿಕೊಳ್ಳಬೇಕಾದವರು" ಅಂತ ಒಂದು ಪದ ಇದ್ದರೆ ಸಾಕು, ಕಿರಿದಾದ ಕಾಲಂ ಅಷ್ಟಕ್ಕೆ ಹಿಗ್ಗಿ ಪಕ್ಕದ ಎರಡನ್ನೂ ಒತ್ತಿಬಿಡುತ್ತದೆ. ಬರೀ 1 ಎಫ್‌ಆರ್ ಅಂದರೆ ಒಳಗಿನ ಪದಕ್ಕಿಂತ ಸಣ್ಣದಾಗಲು ಅದು ಒಪ್ಪುವುದಿಲ್ಲ. ಎರಡು ಮೂರು ಕಾಲಂ ಅಂತ ನೀವೇ ಬರೆದಿಟ್ಟ ಕಡೆ ಮಿನ್‌ಮ್ಯಾಕ್ಸ್‌ನಲ್ಲಿ ಕನಿಷ್ಠ 0 ಕೊಡಿ. ಪದವನ್ನು ಎಲ್ಲೆಂದರಲ್ಲಿ ಮುರಿಯುವ ಆಜ್ಞೆಗಿಂತ, ಎಲ್ಲಿ ಮುರಿಯಬಹುದೋ ಅಲ್ಲಿ ಸಾಫ್ಟ್ ಹೈಫನ್ (ಪದ ಮುರಿದಾಗ ಮಾತ್ರ ಕಾಣುವ ಗೆರೆ) ನೀವೇ ಹಾಕುವುದು ಒಳ್ಳೆಯದು. ಬಟನ್ ಮೇಲಾದರೆ "ಬುಕ್ ಮಾಡಿ" ಸಾಕಲ್ಲ!

ಸೋಮವಾರಪೇಟೆ ಕಡೆಯಿಂದ:

ಎಲ್ಲವನ್ನೂ ಒಂದೇ ಕಾಲಂಗೆ ಮಡಚಬೇಕು ಅಂತಿಲ್ಲ, ಇದನ್ನೂ ಸೇರಿಸಿಕೊಳ್ಳಿ. ನಾನು ಎರಡು ಪಟ್ಟಿ ಮಾಡಿದ್ದೆ. ಒಂದು ಕಾಫಿ ದರ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, 50 ಕೆಜಿ ಚೀಲಕ್ಕೆ ಇಷ್ಟು. ಅದು ಫೋನಿನಲ್ಲಿ ಒಂದರ ಕೆಳಗೊಂದು ಬಂದರೆ ಏನೂ ನಷ್ಟವಿಲ್ಲ. ಇನ್ನೊಂದು ತೋಟದ ಮಳೆ ಲೆಕ್ಕ. ಅಪ್ಪ ಪುಸ್ತಕದಲ್ಲಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಅಂತ ಬರೆದಿಟ್ಟದ್ದು. ವರ್ಷ ಕೆಳಗೆ, ತಿಂಗಳು ಅಡ್ಡ, ಹನ್ನೆರಡು ಕಾಲಂ. ಇದನ್ನು ಕಾರ್ಡ್ ಮಾಡಿದೆ, ಕೆಟ್ಟುಹೋಯಿತು. ಅಪ್ಪ ನೋಡುವುದು ಜುಲೈ ಕೆಳಗೆ ಜುಲೈ. ಈ ವರ್ಷ ಹೋದ ವರ್ಷಕ್ಕಿಂತ ಎಷ್ಟು ಹಿಂದೆ ಅಂತ. ಮಡಚಿದರೆ ಆ ಹೋಲಿಕೆಯೇ ಹೋಯಿತಲ್ಲ. ಕೊನೆಗೆ ಟೇಬಲ್ ಅನ್ನೇ ಇಟ್ಟು, ಸುತ್ತ ಒಂದು ಡಿವ್ (ಚೌಕಟ್ಟು) ಹಾಕಿ, ಅದರೊಳಗೆ ಪಕ್ಕಕ್ಕೆ ಸರಿಸಲು ಆಗುವಂತೆ ಓವರ್‌ಫ್ಲೋ-ಎಕ್ಸ್ ಆಟೋ ಕೊಟ್ಟೆ. ವರ್ಷದ ಕಾಲಂ ಜಾರದೆ ಎಡಕ್ಕೆ ಅಂಟಿ ನಿಲ್ಲಲು ಅದಕ್ಕೆ ಪೊಸಿಷನ್ ಸ್ಟಿಕಿ, ಲೆಫ್ಟ್ 0. ಹಿನ್ನೆಲೆ ಬಣ್ಣ ಕೊಡುವುದು ಮರೆಯಬೇಡಿ, ಇಲ್ಲದಿದ್ದರೆ ಅಂಕಿಗಳು ಅದರ ಕೆಳಗೆ ತೂರಿ ಕಲಸಿಹೋಗುತ್ತವೆ. ಈಗ ಅಪ್ಪ ಹೆಬ್ಬೆರಳಿನಲ್ಲಿ ಪಕ್ಕಕ್ಕೆ ತಳ್ಳುತ್ತಾರೆ, ವರ್ಷ ಎಡಗಡೆ ನಿಂತೇ ಇರುತ್ತದೆ.

ನಾಪೋಕ್ಲುವಿನಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ವ್ಯೂಪೋರ್ಟ್ ಸಾಲು ಇರಲೇ ಇಲ್ಲ. ಹಾಕಿದ ಕೂಡಲೇ ಅಕ್ಷರ ದೊಡ್ಡದಾಯಿತು, ಆದರೆ ಮೂರು ಕಾರ್ಡ್ ಇನ್ನೂ ಕಡ್ಡಿಯಂತೆ ಸಣಕಲಾಗಿ ನಿಂತವು. ಫ್ಲೋಟ್ ತೆಗೆದು ಗ್ರಿಡ್ ಹಾಕಿದ ಮೇಲೆ ಒಂದರ ಕೆಳಗೊಂದು ಬಂದವು. ನಮ್ಮ ಅತ್ತೆಯ ಹಳೇ ಫೋನಿನಲ್ಲೂ ನೋಡಿದೆ, ಸರಿಯಾಗಿದೆ. ಊಟದ ಪಟ್ಟಿಯೊಂದು ಇನ್ನೂ ಪಕ್ಕಕ್ಕೆ ಚಾಚುತ್ತಿದೆ. ಅದನ್ನು ಮಡಚುವುದೋ ತಳ್ಳುವುದೋ ಅಂತ ಇವತ್ತು ರಾತ್ರಿ ಎರಡೂ ಮಾಡಿ ನೋಡುತ್ತೇನೆ.