ಆಣೆ, ಪ್ರಮಾಣ ಮತ್ತು ಮಂಜನ ದೇಶಭಕ್ತಿ

ಹಾಸನದ ಮಹಾರಾಜ ಪಾರ್ಕ್ ಹತ್ತಿರ ನಾವು ಕಾಫಿಗೆ ಸೇರುತ್ತೇವೆ. ಮಾತು ಸಾಮಾನ್ಯವಾಗಿ ಆಲೂಗಡ್ಡೆ ರೇಟಿನಿಂದ ಶುರುವಾಗಿ ರಾಜಕೀಯಕ್ಕೆ ಹೋಗಿ ಮತ್ತೆ ಆಲೂಗಡ್ಡೆಗೇ ಬರುತ್ತದೆ. ಈ ಭಾನುವಾರ ಮಾತ್ರ ಮೇಷ್ಟ್ರು ಅಮೆರಿಕದಲ್ಲಿರುವ ಮೊಮ್ಮಗಳ ಸುದ್ದಿ ತೆಗೆದರು. ಆ ಮಗು ದಿನಾ ಬೆಳಗ್ಗೆ ಸ್ಕೂಲಲ್ಲಿ ಎದೆ ಮೇಲೆ ಕೈಯಿಟ್ಟುಕೊಂಡು, ಬಾವುಟ ನೋಡುತ್ತಾ ಪ್ರತಿಜ್ಞೆ ಹೇಳುತ್ತಾಳಂತೆ. ಅದರಲ್ಲಿ ದೇವರ ಹೆಸರೂ ಬರುತ್ತದಂತೆ.

"ನೋಡ್ರಿ, ದೇಶ ಅಂದ್ರೆ ಅದು!" ಅಂತ ಮಂಜ ಟೇಬಲ್ ಕುಟ್ಟಿದ. ಮಂಜನದು ಆಲೂಗಡ್ಡೆ ಮಂಡಿ. ನಮ್ಮ ಗುಂಪಿನಲ್ಲಿ ದೇಶಭಕ್ತಿ ಖಾತೆಯೂ ಅವನದೇ.

"ಮೊದಲು ಇರಲಿಲ್ಲ ಕಣಯ್ಯಾ," ಅಂದರು ವಕೀಲರು. "1892ರಲ್ಲಿ ಅದನ್ನು ಬರೆದ ಫ್ರಾನ್ಸಿಸ್ ಬೆಲ್ಲಮಿ ಪಾದ್ರಿ. ಪಾದ್ರಿಯೇ ದೇವರನ್ನು ಹಾಕಿರಲಿಲ್ಲ! ರಷ್ಯಾ ಜೊತೆ ಜಿದ್ದು ಜೋರಾಗಿತ್ತಲ್ಲ, ಆಗ 1954ರಲ್ಲಿ, ನಾವು ಆ ನಾಸ್ತಿಕ ಕಮ್ಯುನಿಸ್ಟರ ಥರ ಅಲ್ಲ ಅಂತ ತೋರಿಸೋಕೆ ಅಲ್ಲಿನ ಸಂಸತ್ತು ಸೇರಿಸಿತು."

"ಓಹೋ, ಪಕ್ಕದ ಮನೆಯವರ ಹೊಟ್ಟೆ ಉರಿಸೋಕೆ ದೇವರ ಫೋಟೋ ತಂದಂಗಾಯ್ತು," ಅಂದ ರಫೀಕ್.

ಒಬ್ಬ ತಂದೆ ಇದರ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋದನಂತೆ. 2004ರಲ್ಲಿ ಆ ಕೋರ್ಟು ದೇವರ ವಿಷಯಕ್ಕೇ ಕೈ ಹಾಕಲಿಲ್ಲ, ಮಗಳ ಪರವಾಗಿ ಕೇಸು ಹಾಕೋ ಹಕ್ಕೇ ನಿನಗಿಲ್ಲ ಅಂತ ಬಾಗಿಲಲ್ಲೇ ವಾಪಸ್ ಕಳಿಸಿತು. ಜಾಣ ಕೋರ್ಟು.

ಮಂಜ ಬಿಡಲಿಲ್ಲ. "ನಮ್ಮ ಸಂವಿಧಾನದಲ್ಲಿ ಯಾಕೆ ಹಾಕಲಿಲ್ಲ, ಅದು ಹೇಳಿ."

ಇದಕ್ಕಾಗಿಯೇ ಕಾದಿದ್ದವರ ಥರ ವಕೀಲರು ಕಾಫಿ ಪಕ್ಕಕ್ಕಿಟ್ಟರು. 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಸದಸ್ಯ ಎಚ್.ವಿ. ಕಾಮತ್ ಅವರು ಪೀಠಿಕೆ ದೇವರ ಹೆಸರಿನಿಂದಲೇ ಶುರುವಾಗಲಿ ಅಂದರು. ದೇವರನ್ನು ವೋಟಿಗೆ ಹಾಕಬೇಡಿ ಅಂತ ಕೆಲವರು ಕೇಳಿಕೊಂಡರೂ ಅವರು ಹಟ ಬಿಡಲಿಲ್ಲ. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದು, ನಾವು ಶಕ್ತಿಯನ್ನು ಪೂಜಿಸುವವರು, ದೇವರ ಬದಲು ದೇವಿಯ ಹೆಸರು ಹಾಕುತ್ತೀರಾ ಅಂದರು.

"ಅದು ಸರಿ!" ಅಂದ ಮಂಜ. "ಹಾಸನಾಂಬೆ ಊರಲ್ಲಿ ಕೂತು ದೇವಿ ಬೇಡ ಅನ್ನೋಕಾಗುತ್ತಾ?"

"ಈಗ ದೇವರಾ, ದೇವಿಯಾ? ಇನ್ನೊಂದು ಐದು ನಿಮಿಷಕ್ಕೆ ನಿನ್ನ ಮನೆದೇವರೂ ಬರುತ್ತೆ," ಅಂದರು ಮೇಷ್ಟ್ರು.

ಕೊನೆಗೆ ವೋಟಾಯಿತು. ಪರವಾಗಿ 41, ವಿರುದ್ಧ 68. ಸೋಲಿಸಿದವರೆಲ್ಲ ನಾಸ್ತಿಕರೇನಲ್ಲ, ದಿನಾ ಪೂಜೆ ಮಾಡುವವರೂ ಅಲ್ಲಿದ್ದರು. ಆದರೆ ಮಂತ್ರಿಗಳ ಪ್ರಮಾಣವಚನದಲ್ಲಿ ದೇವರಿಗೂ ಜಾಗ ಕೊಟ್ಟರು, ಬೇಡ ಅನ್ನುವವರಿಗೂ ದಾರಿ ಇಟ್ಟರು. ದೇವರ ಹೆಸರಲ್ಲಿ ಮಾಡು, ಇಲ್ಲಾ ಸತ್ಯನಿಷ್ಠೆಯಿಂದ ಮಾಡು, ಎರಡಕ್ಕೂ ಅಷ್ಟೇ ಬೆಲೆ. ನನಗೆ ಕೇಳಿದರೆ ಇದಕ್ಕಿಂತ ಚೆಂದದ ಏರ್ಪಾಡು ಇಲ್ಲ. ನಮ್ಮವರು ಅದಕ್ಕೂ ಮೂರನೇ ದಾರಿ ಹುಡುಕಿದರು ಅನ್ನೋದು ಬೇರೆ ಮಾತು. 2023ರಲ್ಲಿ ಡಿ.ಕೆ. ಶಿವಕುಮಾರ್ ತಾವು ಗುರುವೆಂದು ನಂಬಿದ ಗಂಗಾಧರ ಅಜ್ಜನ ಹೆಸರಲ್ಲಿ ಪ್ರಮಾಣ ಮಾಡಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ.

"ದೇವರ ಹೆಸರು ಹೇಳಿದ್ರೆ ಭಯ ಇರುತ್ತೆ," ಅಂದ ಮಂಜ.

"2011ರಲ್ಲಿ ಯಡಿಯೂರಪ್ಪ, ಕುಮಾರಸ್ವಾಮಿ ಇಬ್ಬರೂ ಆಣೆ ಮಾಡ್ತೀವಿ ಅಂತ ಧರ್ಮಸ್ಥಳಕ್ಕೆ ಹೋಗಿದ್ದರಲ್ಲ, ಏನಾಯ್ತು?" ಅಂದರು ವಕೀಲರು.

"ಭಯ ಇತ್ತು, ಅದಕ್ಕೇ ಆಣೆ ಮಾಡದೆ ವಾಪಸ್ ಬಂದ್ರು!"

ಎಲ್ಲರೂ ನಕ್ಕೆವು. ಇದಕ್ಕೆ ವಕೀಲರ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ ಕೇರಳದ ಆ ಮೂವರು ಮಕ್ಕಳ ಮಾತು ಬಂತು. ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. 1985ರಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತರು, ಮರ್ಯಾದೆಯಿಂದಲೇ ನಿಂತರು, ಆದರೆ ಹಾಡಲಿಲ್ಲ, ನಮ್ಮ ನಂಬಿಕೆ ಒಪ್ಪುವುದಿಲ್ಲ ಅಂದರು. ಸ್ಕೂಲಿನಿಂದ ಹೊರಗೆ ಹಾಕಿದರು. ಮುಂದಿನ ವರ್ಷ ಸುಪ್ರೀಂ ಕೋರ್ಟು ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತು. ಅಮೆರಿಕದಲ್ಲೂ ಇದೇ ಪಂಥದ ಮಕ್ಕಳು 1943ರಲ್ಲೇ ಇಂಥದೇ ಕೇಸು ಗೆದ್ದಿದ್ದರು.

"ಹಾಡದೇ ಇದ್ರೆ ದೇಶಭಕ್ತಿ ಎಲ್ಲಿಂದ ಬರುತ್ತೆ?" ಮಂಜನಿಗೆ ಸಮಾಧಾನವಿಲ್ಲ.

"ನೀನು ಹಾಡಿದ್ದೆಯೇನೋ?" ಅಂದ ರಫೀಕ್. "ಹಿಂದಿನ ಸಾಲಲ್ಲಿ ನಿಂತು ಬಾಯಿ ಆಡಿಸ್ತಿದ್ದೆ. ಬಾಯಲ್ಲಿ ಇದ್ದಿದ್ದು ಹುರಿಗಡಲೆ. ನನಗೂ ಕೊಟ್ಟಿದ್ದೀಯ."

ಮಂಜ ಕೆಂಪಾದ. "ಆಯ್ತಪ್ಪಾ, ನಮ್ಮ ಪ್ರತಿಜ್ಞೆಯಲ್ಲಾದ್ರೂ ದೇವರಿದೆ ತಾನೇ? ಭಾರತ ನನ್ನ ದೇಶ ಅಂತ ಬರುತ್ತಲ್ಲ."

"ಒಂದು ಸಲವೂ ಇಲ್ಲ," ಅಂದರು ಮೇಷ್ಟ್ರು. "1962ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ತೆಲುಗಿನಲ್ಲಿ ಬರೆದಿದ್ದು. ಅನುಮಾನ ಇದ್ರೆ ಪೂರ್ತಿ ಹೇಳು, ನೋಡೋಣ."

ಮಂಜ ಎದ್ದು ನಿಂತು ಕೈ ಮುಂದೆ ಚಾಚಿದ. ಭಾರತ ನನ್ನ ದೇಶ. ಭಾರತೀಯರೆಲ್ಲರೂ ನನ್ನ ಸಹೋದರ ಸಹೋದರಿಯರು. ಆಮೇಲೆ ಗಂಟಲು ಸರಿಮಾಡಿಕೊಂಡ. ಮತ್ತೆ ಸಹೋದರರಿಂದಲೇ ಶುರು ಮಾಡಿದ. ಗಲ್ಲಾ ಪಕ್ಕ ಹೋಂವರ್ಕ್ ಮಾಡುತ್ತಿದ್ದ ಹೋಟೆಲಿನವರ ಮಗಳು ತಲೆ ಎತ್ತದೆ ಉಳಿದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿ, "ಕೂತ್ಕೊಳಿ ಅಂಕಲ್" ಅಂದಳು.

ಮಂಜ ಕೂತ. ಈ ಸಲ ಬಿತ್ತನೆ ಆಲೂಗಡ್ಡೆ ರೇಟು ಕೇಳೋ ಹಾಗೇ ಇಲ್ಲ ಅಂತ ಶುರು ಮಾಡಿದ.