ಎಲ್‌ಎಸ್ (ಜನರಲ್ ಮೋಟರ್ಸ್‌ನ ವಿ8) ಎಂಜಿನ್ ಕೂರಿಸಿದ 1970ರ ಶೆವೆಲ್ ಕಾರಿಗೆ ಎರಡು ಟರ್ಬೊ: ಎಂಜಿನ್ ಬಿಚ್ಚಬೇಕಾ?

ಪ್ರಶ್ನೆ:
ಟ್ರಕ್ಕಿನ 5.3 ಲೀಟರ್ ಎಲ್‌ಎಂ7 ಎಂಜಿನ್, ಒಳಗೆಲ್ಲ ಸ್ಟಾಕ್ (ಕಂಪನಿ ಕೊಟ್ಟಿದ್ದೇ), ಕಂಪ್ರೆಷನ್ 9.5:1. 8 ಪಿಎಸ್‌ಐ ಬೂಸ್ಟ್ (ಟರ್ಬೊ ತುಂಬೋ ಹೆಚ್ಚುವರಿ ಗಾಳಿ ಒತ್ತಡ) ಸಾಕು. ಪಿಸ್ಟನ್ ಹೊರಗೆ ತೆಗೀಲೇಬೇಕಾ? ಟರ್ಬೊದ ಆಯಿಲ್ ರಿಟರ್ನ್ ಎಲ್ಲಿಗೆ ಕೊಡೋದು?

ಉತ್ತರ 1:
8 ಪಿಎಸ್‌ಐಗೆ ಬಿಚ್ಚದೆ ಓಡಿಸೋರು ಬೇಕಾದಷ್ಟಿದ್ದಾರೆ, ಟ್ಯೂನ್ (ಇಂಧನ, ಕಿಡಿಯ ಕಂಪ್ಯೂಟರ್ ಸೆಟ್ಟಿಂಗ್) ಸರಿಯಿದ್ರೆ. ಆದ್ರೆ ನಾಳೆ 12–15ಕ್ಕೆ ಆಸೆ ಹುಟ್ಟುತ್ತೆ, ಅದು ಗ್ಯಾರಂಟಿ! ಆಗ ಸ್ಟಾಕ್ ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದು) ಸಾಲಲ್ಲ. ರಿಂಗ್ ಕಾದು ಹಿಗ್ಗಿ ತುದಿಗೆ ತುದಿ ತಾಗಿದ್ರೆ ಪಿಸ್ಟನ್ನಿನ ಮೇಲಂಚೇ ಕಿತ್ತು ಬರುತ್ತೆ. ಮೇಲಿನ ರಿಂಗ್ ಉಜ್ಜಿ ಗ್ಯಾಪ್ 0.024–0.026 ಇಂಚು ಮಾಡಿ. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣಗಿನದು (ಶಾಖ ಬೇಗ ಬಿಟ್ಟುಕೊಡೋದು) ಹಾಕಿ, ಗ್ಯಾಪ್ 0.028 ಇಂಚಿನ ಆಸುಪಾಸು. ಜಾಸ್ತಿ ಇಟ್ರೆ ಬೂಸ್ಟಲ್ಲಿ ಕಿಡಿ ಆರಿಹೋಗಿ ಮಿಸ್‌ಫೈರ್ ಶುರು.

ಉತ್ತರ 2:
ರಿಟರ್ನ್ ಪೈಪಲ್ಲಿ ಒತ್ತಡ ಇರಲ್ಲ, ನೊರೆಯೆದ್ದ ಆಯಿಲ್ ತನ್ನ ಭಾರಕ್ಕೇ ಇಳೀಬೇಕು. ಟರ್ಬೊಗೆ ಆಯಿಲ್ ಒಯ್ಯೋ ಫೀಡ್‌ಗೆ 4 ಎಎನ್ (ಪೈಪಿನ ಅಳತೆ) ಸಾಕು, ರಿಟರ್ನ್‌ಗೆ 10 ಎಎನ್ ಬೇಕು. ಎಲ್ಲೂ ತಗ್ಗು ಬೀಳದ ಹಾಗೆ, ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಿಸಿ. ಇಲ್ಲದಿದ್ರೆ ಆಯಿಲ್ ಸೀಲ್ ದಾಟಿ ನೀಲಿ ಹೊಗೆ ಬರುತ್ತೆ, ಜನ ಟರ್ಬೊ ಹೋಯ್ತು ಅಂತ ಬೈತಾರೆ.

ಉತ್ತರ 3:
ಸ್ಟಾಕ್ ಮ್ಯಾಪ್ ಸೆನ್ಸರ್ (ಇಂಟೇಕ್ ಗಾಳಿಯ ಒತ್ತಡ ಅಳೆಯೋದು) 1 ಬಾರ್‌ನದು, ಬೂಸ್ಟ್ ಅದಕ್ಕೆ ಕಾಣಲ್ಲ. 2 ಅಥವಾ 3 ಬಾರ್‌ನದು ಹಾಕಿ ಟ್ಯೂನಲ್ಲಿ ಸ್ಕೇಲ್ ಬದಲಿಸಿ. ಇಂಜೆಕ್ಟರ್ ಗಂಟೆಗೆ 60 ಪೌಂಡ್ ಇಂಧನ ಬಿಡೋದು. ಪಿಸಿವಿ (ಕ್ರ್ಯಾಂಕ್‌ಕೇಸಿನ ಹಬೆ ಹೊರಹಾಕೋ) ಲೈನಲ್ಲಿ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡೋದು) ಮರೀಬೇಡಿ, ಬೂಸ್ಟ್ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗಿದ್ರೆ ಡಿಪ್‌ಸ್ಟಿಕ್ಕೇ ಹಾರುತ್ತೆ.